ಒಂದು ಎಸ್ಸು ಕಮ್ಮಿ

ಇವತ್ತು ಮಿಲ್ಪಿಟಾಸಿನ ಹೋಟೆಲೊಂದರಲ್ಲಿ ತುಪ್ಪದಲ್ಲಿ ಹುರಿದ ರವೆಯ ಘಮಕ್ಕೆ ಹೊಟ್ಟೆ ಉರಿಯಿತು. ಹಸಿವಿಗಲ್ಲ, ಸಿಟ್ಟಿಗೆ.

ಎಂಬತ್ತರ ದಶಕದ ಸ್ಯಾನ್ ಮಟಿಯೋ, ನಾನು ಮೂರನೇ ಕ್ಲಾಸು. ಎಲ್ಲರೂ ಮನೆಯಿಂದ ತಿಂಡಿ ಮಾಡಿ ತರುವ ಸ್ಕೂಲಿನ ಪಾಟ್‌ಲಕ್ಕಿಗೆ ಅಮ್ಮ ಕೇಸರಿಬಾತು ಮಾಡಿ, ಮುತ್ತಿನಂಥ ಇಂಗ್ಲಿಷ್ ಅಕ್ಷರದಲ್ಲಿ 'ಡೆಸರ್ಟ್' ಅಂತ ಚೀಟಿ ಅಂಟಿಸಿದ್ದಳು. ಎರಡು ಎಸ್ ಬೇಕಿದ್ದಲ್ಲಿ ಒಂದೇ ಹಾಕಿದ್ದರಿಂದ ಸಿಹಿತಿಂಡಿ ಮರಳುಗಾಡಾಗಿತ್ತು.

ಟೀಚರು ಡಬ್ಬಿ ಎತ್ತಿ, "ಮರಳು ಬಂತು, ಒಂಟೆ ಎಲ್ಲಿ?" ಅಂದರು. ಕ್ಲಾಸೆಲ್ಲ ನಕ್ಕಿತು. ಯಾರೂ ಚಮಚ ಹಾಕಲಿಲ್ಲ.

ಹಾಗೇ ವಾಪಸ್ಸು ಬಂದ ಡಬ್ಬಿ ನೋಡಿ ಅಮ್ಮ, "ಯಾಕೋ ಮರಿ, ಸಕ್ಕರೆ ಕಮ್ಮಿಯಾಯ್ತಾ?" ಅಂದಳು.

"ಎಸ್ಸು ಕಮ್ಮಿ! ಇಂಗ್ಲಿಷ್ ಬರದಿದ್ರೆ ಬರೀಬೇಡ!" ಅಂತ ಕಿರುಚಿದೆ. ಆಮೇಲೆ ಅವಳು ನನ್ನ ಸ್ಕೂಲಿಗೆ ಒಂದಕ್ಷರವನ್ನೂ ಬರೆಯಲಿಲ್ಲ.

ಇವತ್ತು ಹೋಟೆಲಿನಲ್ಲಿ ನನ್ನೆದುರಿಗಿಟ್ಟ ಕೇಸರಿಬಾತು ತಣ್ಣಗಾಯಿತು, ಟೀಚರ ಮೇಲಿನ ಸಿಟ್ಟು ಆಗಲಿಲ್ಲ. ಆದರೆ ಮರಳಿಗೂ ಮರುಳಿಗೂ ಒಂದೇ ಕೊಂಬಿನ ವ್ಯತ್ಯಾಸ. ಆ ಕೊಂಬು ಅವತ್ತು ಮೂಡಿದ್ದು ನನ್ನ ತಲೆಯ ಮೇಲೆ.