ಸ್ಕ್ರೂ ಇಲ್ಲದ ಡಬ್ಬ

ಚಿಂತಾಮಣಿಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮುರಳಿಮೋಹನನ ರೇಡಿಯೊ-ಟಿ.ವಿ. ರಿಪೇರಿ ಅಂಗಡಿ ಇತ್ತು. ಸೆಟ್ಟಿಗಿಂತ ಮೊದಲು ಅವನು ಬಿಚ್ಚುತ್ತಿದ್ದುದು ಸೆಟ್ಟು ತಂದವನ ಮಾನವನ್ನು. "ಇದನ್ನ ಮುಂಚೆ ಮುಟ್ಟಿದೋನು ಯಾವನಯ್ಯ? ಬೆಸುಗೆ ಹಾಕವ್ನೋ ಸಗಣಿ ತಟ್ಟವ್ನೋ?" ಎಂದು ಗಲ್ಲಿಗೆಲ್ಲ ಕೇಳಿಸುವಂತೆ ಕೂಗುತ್ತಿದ್ದ. ಸಿಟ್ಟು ಏರಿದರೆ ಮಾತು ತೆಲುಗಿಗೆ ಹೊರಳುತ್ತಿತ್ತು. ಆಗ ಎದುರಿಗಿದ್ದವನು ಯಾರೇ ಆಗಲಿ 'ಗಾಡಿದ ಕೊಡುಕು', ಅಂದರೆ ಕತ್ತೆಯ ಮಗ. ಆದರೂ ಜನ ಅವನಲ್ಲಿಗೇ ಬರುತ್ತಿದ್ದರು. ಕೆಲಸ ಅಷ್ಟು ಚೊಕ್ಕ. ಬೈಸಿಕೊಂಡು ಒಯ್ದ ಸೆಟ್ಟು ಮತ್ತೆ ಆ ಗಲ್ಲಿಯ ಮುಖ ನೋಡುತ್ತಿರಲಿಲ್ಲ.

ಅವನ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಕುಲ. ಕೈಯಲ್ಲಿ ಕೆಲಸವಿದ್ದವರದು ಒಂದು, ಕತ್ತೆಗಳದು ಇನ್ನೊಂದು. ಮೊದಲನೆಯ ಕುಲದಲ್ಲಿ ಸದ್ಯಕ್ಕೆ ಅವನೊಬ್ಬನೇ ಇದ್ದ. ಪಕ್ಕದ ಜಾಗವನ್ನು ಮಗ ಚೈತನ್ಯನಿಗೆಂದು ಕಾದಿರಿಸಿದ್ದ. ಈ ವಿಷಯವನ್ನು ಊರಿಗೆಲ್ಲ ಹೇಳಿದ್ದ, ಮಗನೊಬ್ಬನಿಗೆ ಬಿಟ್ಟು.

ಎರಡು ಸಾವಿರದ ಐದರ ಹೊತ್ತಿಗೆ ಅಗ್ಗದ ಚೈನಾ ಸೆಟ್ಟುಗಳು ಬಂದವು. ಕೆಟ್ಟರೆ ಬಿಸಾಕಿ ಹೊಸದು ತರುವ ಕಾಲ. ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದ ಮುರಳಿಮೋಹನನಿಗೆ ಆಗ ಸಿಕ್ಕಿದವರು ಡಿಪ್ಲೊಮಾ ಹುಡುಗರು. ಕೊನೆಯ ವರ್ಷ ಪ್ರಾಜೆಕ್ಟ್ ಎಂದು ಏನಾದರೊಂದು ಎಲೆಕ್ಟ್ರಾನಿಕ್ ಸಾಧನ ಮಾಡಿ ತೋರಿಸಬೇಕು. ಮಾಡಲು ಬಾರದು, ಬಾರದೆಂದು ಒಪ್ಪಿಕೊಳ್ಳಲೂ ಬಾರದು. ಮೂರು ವರ್ಷ ಓದಿಯೂ ರೆಸಿಸ್ಟರ್ ಯಾವುದು, ಕಡ್ಲೆಬೀಜ ಯಾವುದು ಎಂದು ತಿಳಿಯದ ಆ ಗುಂಪನ್ನು ಕಂಡರೆ ಅವನ ಹೊಟ್ಟೆ ಉರಿಯುತ್ತಿತ್ತು. ಆ ಹೊಟ್ಟೆ ತುಂಬಿಸುತ್ತಿದ್ದುದೂ ಅದೇ ಗುಂಪು.

ಅದೇ ಸುಮಾರಿಗೆ ಚಿಕ್ಕಬಳ್ಳಾಪುರದಲ್ಲಿ ಬೋರ್ಡ್ ಬರೆಯುವ ರಾಮಾಂಜಿನಪ್ಪ ಒಂದು ಲೇಸರ್ ಮೆಷಿನ್ ತಂದು ಕೂರಿಸಿದ. ಫ್ಲೆಕ್ಸ್ ಬಂದು ಅವನ ಕುಂಚ ಮೂಲೆ ಸೇರಿತ್ತು. ಶೀಲ್ಡು, ನೇಮ್‌ಪ್ಲೇಟು ಕತ್ತರಿಸಿಯಾದರೂ ಬದುಕೋಣವೆಂಬ ಆಸೆ. ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಶೀಟನ್ನು ಮೆಷಿನ್ನಿನಲ್ಲಿ ಮಲಗಿಸಿದರೆ, ಕಂಪ್ಯೂಟರಿನಲ್ಲಿ ಬರೆದ ಗೆರೆಯಂತೆಯೇ ಲೇಸರ್ ಓಡಿ ಕತ್ತರಿಸಿ ಕೊಡುತ್ತಿತ್ತು. ಮುರಳಿಮೋಹನ ಮೊದಲ ಸಲ ಅದನ್ನು ನೋಡಿದಾಗ ಸುಮಾರು ಹೊತ್ತು ಯಾರನ್ನೂ ಬೈಯಲಿಲ್ಲ. ಆಮೇಲೆ, "ಇಂಥಾ ಮೆಷಿನ್ ಇಟ್ಕೊಂಡು ಎಮ್ಮೆಲ್ಲೆ ಹೆಸರು ಕೊರೀತೀಯಲ್ಲಯ್ಯ, ನಾಚಿಕೆ ಆಗಲ್ವಾ?" ಎಂದ.

ರಾಮಾಂಜಿನಪ್ಪ ನಕ್ಕ. "ನೀನು ಒಳ್ಳೇದು ಬರ್ಕೊಂಡು ಬಾರಣ್ಣ, ಅದನ್ನೂ ಕೊರೀತೀನಿ."

ಹೀಗೆ ಇಬ್ಬರ ವ್ಯವಹಾರ ಶುರುವಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರಿನ ಹುಡುಗರಿಂದ ರಾಮಾಂಜಿನಪ್ಪ ಆರ್ಡರ್ ಹಿಡಿಯುವುದು, ಮುರಳಿಮೋಹನ ಮಾಡಿಕೊಡುವುದು. ಎಲ್ಲ ಮುಗಿದ ಮೇಲೆ ಕೊಂಡವನ ಹೆಸರನ್ನು ಪಟ್ಟಿಯ ಮೇಲೆ ಕೊರೆದು ಅಂಟಿಸುವುದೂ ರಾಮಾಂಜಿನಪ್ಪನ ಕೆಲಸವೇ. ಯಾರಿಗೆಂದು ಮುರಳಿಮೋಹನ ಒಮ್ಮೆಯೂ ಕೇಳಿದವನಲ್ಲ. "ಹೆಸರು ಕಟ್ಕೊಂಡು ನಂಗೇನು? ಕತ್ತೆನ ಕತ್ತೆ ಅಂದ್ರೆ ಸಾಕು" ಎನ್ನುತ್ತಿದ್ದ.

ಮಧ್ಯಾಹ್ನದ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಕೋರೆಲ್ ಡ್ರಾ ತೆರೆದು ಡಬ್ಬದ ಒಂದೊಂದು ಗೋಡೆಯನ್ನೂ ಬರೆಯುತ್ತಿದ್ದ. ಒಂದು ಗೋಡೆಯ ಅಂಚಿನಲ್ಲಿ ಹಲ್ಲು, ಪಕ್ಕದ ಗೋಡೆಯಲ್ಲಿ ಆ ಹಲ್ಲು ಕೂರುವ ಕಿಂಡಿ. ಡಿಸ್‌ಪ್ಲೇಗೊಂದು ಕಿಟಕಿ, ಸ್ವಿಚ್ಚಿಗೊಂದು ತೂತು, ಒಳಗೆ ಸರ್ಕಿಟ್ ಬೋರ್ಡು ನಿಲ್ಲಲು ಕಾಲುಗಳು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸು ಹತ್ತಿ, ಜೇಬಿನ ಮೇಲೆ ಕೈಯಿಟ್ಟು, ರೇಷ್ಮೆ ಗೂಡಿನ ಚೀಲ ಹೊತ್ತು ಹತ್ತುವವರಿಗೆ ಜಾಗ ಬಿಡದೆ ಕೂರುತ್ತಿದ್ದ. ಲೇಸರ್ ಕತ್ತರಿಸುವಾಗ ಕೂದಲೆಳೆಯಷ್ಟು ಶೀಟನ್ನು ತಾನೇ ಸುಟ್ಟು ತಿನ್ನುತ್ತದೆ. ಅದನ್ನು ಲೆಕ್ಕ ಹಿಡಿದು ಹಲ್ಲನ್ನು ಅಷ್ಟು ಹೆಚ್ಚು ದಪ್ಪ ಬರೆಯಬೇಕು, ಇಲ್ಲದಿದ್ದರೆ ಜೋಡಿಸಿದ ಡಬ್ಬ ಸಡಿಲ. ಮುರಳಿಮೋಹನ ಬರೆದ ಹಲ್ಲು ಅಂಗೈಯಿಂದ ಒತ್ತಿದರೆ ಟಕ್ಕೆಂದು ಕೂತು ಮತ್ತೆ ಅಲುಗುತ್ತಿರಲಿಲ್ಲ. ಆ ಸದ್ದಿಗೆ ಅವನ ಮುಖದಲ್ಲಿ ಮೂಡುತ್ತಿದ್ದ ಪ್ರೀತಿಯನ್ನು ಹೆಂಡತಿ ವರಲಕ್ಷ್ಮಿ ಕಂಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದಳು.

ಮೊದಮೊದಲು ಮುಚ್ಚಳಕ್ಕೆ ಸ್ಕ್ರೂ ಇಡುತ್ತಿದ್ದ. ಒಬ್ಬ ಹುಡುಗ ಒಳಗೇನಿದೆ ನೋಡೋಣವೆಂದು ಬಿಚ್ಚಿ, ವೈರುಗಳನ್ನು ಅದಲುಬದಲು ಮಾಡಿ, ಸುಟ್ಟುಕೊಂಡು ಬಂದ. ನೋಡಬೇಕೆಂಬ ಆಸೆಯಾದರೂ ಹುಟ್ಟಿತಲ್ಲ ಎಂದು ಮೆಚ್ಚುವ ಬದಲು ಮುರಳಿಮೋಹನ ಅಂದಿನಿಂದ ಸ್ಕ್ರೂ ಹಾಕುವುದನ್ನೇ ಬಿಟ್ಟ. ಸಿರಿಂಜಿನಲ್ಲಿ ಕ್ಲೋರೋಫಾರ್ಮ್ ಎಳೆದು ಸಂದಿಗೆ ಹನಿಸಿದರೆ ಅಕ್ರಿಲಿಕ್ ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಆಮೇಲೆ ಒಡೆಯಬಹುದೇ ಹೊರತು ಬಿಚ್ಚಲಾಗದು.

"ನಾಳೆ ಕೆಟ್ಟರೆ ಗತಿಯೇನಣ್ಣ?" ಎಂದು ರಾಮಾಂಜಿನಪ್ಪ ಕೇಳಿದ್ದುಂಟು.

"ಬೀಗ ತೆಗೆಯೋಕೆ ಬರದೋನಿಗೆ ಬಾಗಿಲು ಯಾಕಯ್ಯ? ಎಕ್ಸಾಮ್ ಮುಗಿದ್ಮೇಲೆ ಹೆಂಗೂ ತಿಪ್ಪೆಗೇ ಹೋಗೋದು."

ಚೈತನ್ಯನೂ ಡಿಪ್ಲೊಮಾ ಓದುತ್ತಿದ್ದ, ಅದೂ ಎಲೆಕ್ಟ್ರಾನಿಕ್ಸೇ. ಚಿಂತಾಮಣಿಯಲ್ಲಿ ಸೀಟು ಸಿಗುತ್ತಿದ್ದರೂ ಗೌರಿಬಿದನೂರಿನ ಖಾಸಗಿ ಕಾಲೇಜೊಂದನ್ನು ಸೇರಿ ಅಲ್ಲೇ ರೂಮು ಮಾಡಿಕೊಂಡಿದ್ದ. ಯಾಕೆಂದು ಕೇಳಿದವರಿಗೆ ಅಪ್ಪ, "ಅಲ್ಲಿ ಲ್ಯಾಬ್ ಚೆನ್ನಾಗೈತಂತೆ" ಎನ್ನುತ್ತಿದ್ದ. ಕಾರಣ ಬೇರೆಯಿತ್ತು. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಹುಡುಗ ತಾನೇ ಒಂದು ಕಾಲಿಂಗ್ ಬೆಲ್ ಜೋಡಿಸಿ, ಅದಕ್ಕೆ ತಾನೇ ಡಬ್ಬ ಬರೆದು, ರಾಮಾಂಜಿನಪ್ಪನಲ್ಲಿ ಕತ್ತರಿಸಿಕೊಂಡು ಬಂದು ಅಪ್ಪನ ಮುಂದಿಟ್ಟಿದ್ದ. ಬೆಲ್ಲು ಚೆನ್ನಾಗಿ ಹಾಡಿತು. ಲೇಸರ್ ತಿನ್ನುವ ಕೂದಲೆಳೆಯ ಲೆಕ್ಕ ಮಾತ್ರ ಹುಡುಗನಿಗೆ ಗೊತ್ತಿರಲಿಲ್ಲ. ಡಬ್ಬ ಲಟಲಟ ಎಂದಿತು. ಮುರಳಿಮೋಹನ ಬೆಲ್ಲಿನ ಮಾತೇ ಎತ್ತದೆ ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ತೊಟ್ಟಿಲಿಗೆ ಕಟ್ಟೋ ಗಿಲಕಿ ಮಾಡವ್ನೆ ನನ್ಮಗ" ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ಅಪ್ಪ ಮಗನ ಮಾತು ಎಂದು ಸುಮ್ಮನಾಗಬಹುದಿತ್ತು. ಅದನ್ನು ಅಂಗಡಿಯ ಮುಂದೆ ದಾರಕ್ಕೆ ಕಟ್ಟಿ ನೇತುಹಾಕಿ, ಬಂದ ಗಿರಾಕಿಗೆಲ್ಲ ಅಲ್ಲಾಡಿಸಿ ತೋರಿಸಿದ. ರಜೆ ಮುಗಿಯುವವರೆಗೂ ಗಲ್ಲಿಯ ಮಕ್ಕಳು ಅದನ್ನು ಆಡಿಸಿ ನಕ್ಕವು. ಮಗನನ್ನು ತಿದ್ದುತ್ತಿದ್ದೇನೆ ಎಂದೇ ಆ ಮನುಷ್ಯನ ನಂಬಿಕೆ. ಇಂಥ ತಿದ್ದುವಿಕೆಗೆ ಬೆಂಕಿ ಬೀಳಲಿ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಗ ತನ್ನನ್ನು ಕೇಳಿಯೇ ಕೇಳುತ್ತಾನೆ ಎಂದು ಮುರಳಿಮೋಹನ ಕಾದ. ಒಳ್ಳೊಳ್ಳೆಯ ಬಿಡಿಭಾಗಗಳನ್ನು ಬೇರೆ ಎತ್ತಿಟ್ಟ. ಮಗ ಕೇಳಲಿಲ್ಲ. ಫೋನಿನಲ್ಲಿ ವಿಚಾರಿಸಿದರೆ "ಮಾಡ್ತಾ ಇದೀನಪ್ಪ" ಎಂದಷ್ಟೇ ಉತ್ತರ. ಮೊದಲು ಮುನಿಸಾಯಿತು, ಆಮೇಲೆ ಆ ಮುನಿಸೇ ಹೆಮ್ಮೆಯಾಯಿತು. ಪ್ರಾಜೆಕ್ಟ್ ಕೊಳ್ಳಲು ಬಂದ ಹುಡುಗರನ್ನು ನಿಲ್ಲಿಸಿಕೊಂಡು, "ನನ್ನ ಮಗ ಅಪ್ಪನ್ನೇ ಒಂದು ಮಾತು ಕೇಳಿಲ್ಲ, ತಾನೇ ಮಾಡ್ತಾವ್ನೆ. ನಿಮ್ಮಂಗೆ ಕೊಂಡ್ಕೊಂಡೋಗೋ ಜಾತಿ ಅಲ್ಲ ಕಣ್ರೋ ಅದು" ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. ರೇಡಿಯೊ ಹೋಗಿತ್ತು, ಟಿ.ವಿ. ಹೋಗಿತ್ತು, ಅವನ ಜಂಬ ನಿಂತಿದ್ದುದು ಈಗ ಆ ಒಬ್ಬ ಹುಡುಗನ ಕೈಯ ಮೇಲೆ.

ಆ ವರ್ಷವೇ ರಾಮಾಂಜಿನಪ್ಪ ಗೌರಿಬಿದನೂರಿನದೊಂದು ಆರ್ಡರ್ ಹೇಳಿದ. ರೇಷ್ಮೆ ಹುಳು ಸಾಕುವ ಮನೆಯ ಶಾಖ ಕಾಯುವ ಸಾಧನ ಬೇಕು. ಶಾಖ ಇಳಿದರೆ ಹೀಟರ್ ತಾನೇ ಹತ್ತಬೇಕು, ಏರಿದರೆ ಆರಬೇಕು. ಮುರಳಿಮೋಹನ ವಾಡಿಕೆಯಂತೆ ಉಗಿದ. "ಮನೇಲಿ ಹುಳ ಮೇಯಿಸಿ ಓದ್ಸಿರ್ತಾರೆ. ಈ ಗಾಡಿದ ಕೊಡುಕು ಅದನ್ನೂ ಕೊಂಡ್ಕೊಂಡು ತೋರಿಸ್ತಾನೆ."

ಬೈದವನು ಕೆಲಸಕ್ಕೆ ಕೂತಾಗ ಬೇರೆಯೇ ಆದ. ಅವನ ತಾಯಿ ಅಮ್ಮಾಜಮ್ಮ ಹುಳು ಮೇಯಿಸಿಯೇ ಅವನನ್ನು ಸಾಕಿದ್ದಳು. ಚೌಕ ಡಬ್ಬ ಬೇಡವೆನಿಸಿ, ಗಾಜಿನಂತೆ ಒಳಗೆಲ್ಲ ಕಾಣುವ ಶೀಟಿಗೆ ಇಳಿಜಾರು ಮಾಡಿನ ಪುಟ್ಟ ಹುಳುಮನೆಯನ್ನೇ ಬರೆದ. ಒಳಗೆ ಸೊಪ್ಪಿನ ತಟ್ಟೆಗಳ ಅಟ್ಟಣೆ. ಗೋಡೆಗೆ ಒರಗಿಸಿದ ಚಂದ್ರಿಕೆ, ಅದೇ ಹುಳು ಗೂಡು ಕಟ್ಟುವ ಸುರುಳಿ ಸುರುಳಿ ತಟ್ಟೆ. ಆ ಸುರುಳಿಯನ್ನು ಲೇಸರ್ ನೂಲಿನಷ್ಟು ಸಣ್ಣಗೆ ಕತ್ತರಿಸಿ ಕೊಟ್ಟಿತು. ರಾಮಾಂಜಿನಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದನ್ನ ತಗೊಳ್ಳೋ ಹುಡುಗ ಒಳ್ಳೆಯೋನು ಕಣಣ್ಣ. ಇದೊಂದಕ್ಕಾದ್ರೂ ಸ್ಕ್ರೂ ಹಾಕು" ಎಂದ.

"ಕತ್ತೆಗೇನು ಗೊತ್ತು ಕಸ್ತೂರಿ ವಾಸ್ನೆ" ಎಂದು ಮುರಳಿಮೋಹನ ಸಿರಿಂಜು ಎತ್ತಿಕೊಂಡ.

ಎರಡು ಸಾವಿರದ ಒಂಬತ್ತರ ಮೇ ತಿಂಗಳಲ್ಲಿ ಚೈತನ್ಯನ ಕಾಲೇಜಿನಲ್ಲಿ ಪ್ರಾಜೆಕ್ಟ್ ಪ್ರದರ್ಶನ. ಹೊರಗಿನ ಪರೀಕ್ಷಕರು ಬಂದು ಅಂಕ ಹಾಕುವುದೂ ಅಂದೇ. "ಬರ್ಬೇಡಪ್ಪ, ಸುಮ್ನೆ ದೂರ" ಎಂದು ಮಗ ಮೊದಲೇ ಹೇಳಿದ್ದ. ಮುರಳಿಮೋಹನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಂಗಡಿ ಮುಚ್ಚಿ, ಹೇಳದೆ ಹೊರಟುಬಿಟ್ಟ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ, ಯಾರೂ ಕೇಳದಿದ್ದರೂ, ಮಗ ಮಾಡಿದ ಪ್ರಾಜೆಕ್ಟ್ ನೋಡಲು ಹೋಗುತ್ತಿದ್ದೇನೆಂದು ಪಕ್ಕದವನಿಗೆ ಹೇಳಿದ.

ಹಾಲಿನ ತುಂಬ ಮೇಜುಗಳು. ಮೊದಲ ಮೇಜಿನ ಮೇಲೆ ಅವನದೇ ಡಬ್ಬ. ಅದರಾಚೆಗೂ ಅವನದೇ ಒಂದು. ಹಿಂದೆ ನಿಂತ ಹುಡುಗರು ಗಿಳಿಪಾಠ ಒಪ್ಪಿಸುತ್ತಿದ್ದರು. "ಸೆನ್ಸಾರ್ ಸೆನ್ಸ್ ಮಾಡತ್ತೆ ಸಾರ್" ಎಂದನೊಬ್ಬ. ಏನನ್ನು ಎಂದು ಕೇಳಿದರೆ ಪಕ್ಕದವನ ಮುಖ ನೋಡಿದ. ಮುರಳಿಮೋಹನ ಗಟ್ಟಿಯಾಗಿಯೇ ನಕ್ಕ. ಇಂಥವರ ನಡುವೆ ತನ್ನ ಮಗನೊಬ್ಬನೇ ಸ್ವಂತ ಕೆಲಸದ ಮುಂದೆ ನಿಂತಿರುತ್ತಾನೆಂದು ಎದೆಯುಬ್ಬಿಸಿ ಮುಂದೆ ನಡೆದ.

ಕೊನೆಯ ಮೇಜಿಗೆ ಜನ ಕವಿದಿದ್ದರು. ಭುಜಗಳ ಸಂದಿಯಲ್ಲಿ ಇಣುಕಿದರೆ ಇಳಿಜಾರು ಮಾಡಿನ ಹುಳುಮನೆ. ಅದರ ಹಿಂದೆ ಚೈತನ್ಯ. ಮಾಡಿನ ಕೆಳಗೆ ರಾಮಾಂಜಿನಪ್ಪ ಕೊರೆದು ಅಂಟಿಸಿದ ಪಟ್ಟಿಯಲ್ಲಿ 'ಚೈತನ್ಯ ಎಂ.' ಎಂದಿತ್ತು.

ಮುರಳಿಮೋಹನನ ಬಾಯಿಗೆ ಬಂದದ್ದು ಅದೇ ತೆಲುಗು ಬೈಗುಳ. ಅರ್ಧ ಬಂದದ್ದನ್ನು ನುಂಗಿಕೊಂಡ. ಮಗ ಇವನಾದರೆ ಕತ್ತೆ ಯಾರು ಎಂಬ ಲೆಕ್ಕ ಆಗ ಹೊಳೆದಿರಬೇಕು.

"ಶಾಖ ನೀನಿಟ್ಟ ಗೆರೆ ಹತ್ರಾನೇ ಆಡ್ತಿದ್ರೆ ಹೀಟರ್ ಪದೇ ಪದೇ ಹತ್ತಿ ಆರಲ್ವೇನಪ್ಪ?" ಎಂದು ಪರೀಕ್ಷಕರು ಕೇಳುತ್ತಿದ್ದರು.

"ಅದಕ್ಕೇ ಹತ್ತೋದಕ್ಕೆ ಒಂದು ಡಿಗ್ರಿ, ಆರೋದಕ್ಕೆ ಇನ್ನೊಂದು ಇಟ್ಟಿದೆ ಸಾರ್. ನಡುವೆ ಜಾಗ ಬಿಡದಿದ್ರೆ ರಿಲೇ ಸ್ವಿಚ್ಚು ಬೇಗ ಸುಟ್ಟೋಗತ್ತೆ."

ಹುಡುಗ ತಡವರಿಸಲಿಲ್ಲ. ಒಳಗಿನ ಒಂದೊಂದು ಭಾಗವನ್ನೂ ಹೊರಗಿನಿಂದಲೇ ಬೆರಳಿಟ್ಟು ತೋರಿಸಿ ಏನು, ಯಾಕೆ ಎಂದು ಹೇಳಿದ. ಚಂದ್ರಿಕೆಗೆ ಹುಳು ಯಾವಾಗ ಏರುತ್ತದೆ ಎಂಬುದನ್ನೂ ಹೇಳಿದ. ಅಜ್ಜಿಯ ಹತ್ತಿರ, ಅಪ್ಪನ ಅಂಗಡಿಯ ಮೂಲೆಯಲ್ಲಿ ಕೂತು ನೋಡಿ ನೋಡಿ ಕಲಿತ ವಿದ್ಯೆ ಅದು, ಪುಸ್ತಕದ್ದಲ್ಲ. ಇವನು ಮಾಡಬಲ್ಲವನು. ಮಾಡಬಲ್ಲವನು ಕೊಂಡುಕೊಂಡಿದ್ದಾನೆ. ಮಗ ದಡ್ಡನಾಗಿದ್ದರೆ ಮುರಳಿಮೋಹನನಿಗೆ ಇಷ್ಟು ನೋಯುತ್ತಿರಲಿಲ್ಲ.

"ಭೇಷ್. ಎಲ್ಲಿ, ಬಿಚ್ಚಿ ತೋರ್ಸು."

"ಬಿಚ್ಚೋಕಾಗಲ್ಲ ಸಾರ್. ಅಂಟಿಸಿಬಿಟ್ಟಿದೆ."

ಪರೀಕ್ಷಕರು ಡಬ್ಬವನ್ನು ತಿರುವಿ ಮಗುಚಿ ನೋಡಿದರು. "ಒಂದು ಸ್ಕ್ರೂ ಇಲ್ವಲ್ಲಯ್ಯ! ಒಳಗೊಂದು ವೈರು ಬಿಟ್ಟೋದ್ರೆ ಸುತ್ತಿಗೆ ತಗೊಂಡು ಒಡೀಬೇಕಾ? ಇಷ್ಟು ಚೆಂದದ ಕೈಕೆಲಸ ಮಾಡಿ ಹಿಂಗೆ ಸಮಾಧಿ ಕಟ್ಟೋನು ಎಂಥಾ ಮೂರ್ಖ ಇರ್ಬೇಕು? ಯಾರು ಡಿಸೈನ್ ಮಾಡಿದ್ದು?"

ಚೈತನ್ಯ ತಲೆಯೆತ್ತಿದ. ಜನರ ಹಿಂದೆ ನಿಂತ ಅಪ್ಪನ ಮುಖ ಆಗ ಕಂಡಿತು. ಕಂಡ ಮೇಲೂ ಕಣ್ಣು ಕೀಳದೆ, "ನಾನೇ ಸಾರ್" ಎಂದ.

"ಹಂಗಾದ್ರೆ ನೀನೇ ಮೂರ್ಖ" ಎಂದರು ಪರೀಕ್ಷಕರು. ಸುತ್ತಲಿದ್ದವರು ನಕ್ಕರು. ಹುಡುಗ ತಲೆ ತಗ್ಗಿಸಿದ.

ಮುರಳಿಮೋಹನ ಒಂದು ಹೆಜ್ಜೆ ಮುಂದಿಟ್ಟು, ಮಾಡಿದವನು ನಾನು ಎನ್ನಬಹುದಿತ್ತು. ಎಂದರೆ ಮಗ ಫೇಲು. ಎನ್ನದಿದ್ದರೆ ತನ್ನ ಮೂರ್ಖತನವನ್ನು ಮಗ ಹೊರಬೇಕು. ಅವನು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತ.

ಸಂಜೆ ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದರು. ಮಗ ಎರಡು ಟೀ ಹೇಳಿ ಒಂದನ್ನು ಅಪ್ಪನ ಕೈಗಿಟ್ಟ.

"ನಿಂಗೆ ಎಲ್ಲಾ ಬರತ್ತಲ್ಲೋ" ಎಂದ ಮುರಳಿಮೋಹನ.

"ಹೂಂ."

"ಮತ್ತೆ ನೀನೇ ಯಾಕೆ ಮಾಡ್ಲಿಲ್ಲ?"

"ಮಾಡಿದ್ರೆ ನೀನು ನೋಡ್ತಿದ್ದೆಯಲ್ಲಪ್ಪ."

ಟೀ ಆರುತ್ತಿತ್ತು. ಮುರಳಿಮೋಹನ ಕುಡಿಯಲಿಲ್ಲ. "ದುಡ್ಡೆಲ್ಲಿತ್ತು?"

"ಸಾಯಂಕಾಲ ಇಲ್ಲೊಂದು ಮೊಬೈಲ್ ಅಂಗಡೀಲಿ ಕೂತ್ಕೋತೀನಿ. ಬೆಸುಗೆ ಕೆಲಸ ಪೂರ್ತಿ ನಂಗೇ ಬಿಟ್ಟವ್ರೆ."

ತನ್ನ ಪಕ್ಕದಲ್ಲಿ ಕಾದಿರಿಸಿದ ಜಾಗಕ್ಕೆ ಬರುವ ಮೊದಲೇ ಮಗ ಬೇರೆಯವರ ಅಂಗಡಿಯಲ್ಲಿ ಕೂತಿದ್ದ. ಮುರಳಿಮೋಹನ ಟೀ ಲೋಟವನ್ನು ಪಕ್ಕಕ್ಕಿಟ್ಟ. ಹುಟ್ಟುಗುಣ ಬಿಡಲಿಲ್ಲ, ದನಿ ಗದರಿಕೆಯಂತೆಯೇ ಹೊರಬಂತು. "ಅಷ್ಟು ಕಷ್ಟಪಟ್ಟು ದುಡಿದು ಆ ರಾಮಾಂಜಿನಪ್ಪನ ಕೈಗೆ ಸುರೀಬೇಕಿತ್ತಾ? ನನ್ನನ್ನ ಕೇಳಿದ್ರೆ ನಾನು ಮಾಡ್ಕೊಡ್ತಿರ್ಲಿಲ್ವೇನೋ?"

"ಮಾಡ್ಕೊಡ್ತಿದ್ದೆ, ಗೊತ್ತು ನಂಗೆ" ಎಂದ ಚೈತನ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವರ ಹತ್ರ ಆದ್ರೆ ಬರೀ ದುಡ್ಡು ಕೊಟ್ರೆ ಮುಗೀತದಪ್ಪ."

ಚಿಕ್ಕಬಳ್ಳಾಪುರದ ಬಸ್ಸು ಬಂತು. ಮುರಳಿಮೋಹನ ಒಬ್ಬನೇ ಹತ್ತಿದ.