ಎಡ ಸೈಡ್‌ವಿಂಗಿನ ಜೀನತ ಮತ್ತು ಆಜ್ಞೆ ಮೀರಿದ ನೌಕೆ

2025ರ ನವೆಂಬರ್ 16, ಭಾನುವಾರ. ಬೆಳಗಿನ ಏಳರವರೆಗೆ ತುಸು ಚಳಿಯಿತ್ತು. ಎಂಟರ ಹೊತ್ತಿಗೆ ಆಕಾಶ ಹೊಗೆಯ ಬಣ್ಣಕ್ಕೆ ತಿರುಗಿ, ಮುಂಬಯಿಯ ಸಯನ್ ಆಸ್ಪತ್ರೆಯ ಕಡೆಯ ಕಟ್ಟಡಗಳ ತುದಿ ಕಾಣದಾಯಿತು. ಗಾಳಿ ಮಿಸುಕಲಿಲ್ಲ. ಹನ್ನೊಂದಕ್ಕೆ ಬಿಸಿಲು ಬಿತ್ತಾದರೂ ಹೊಗೆ ಇದ್ದಲ್ಲೇ ಇತ್ತು.

ಆ ಬೆಳಿಗ್ಗೆ ಜೀನತ ನದಾಫ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಹೊರಗಿನ ಕೋಣೆಯಿಂದ ಅವಳದೇ ದನಿ ಕೇಳಿಸಿತು.

"ರಸಿಕ ಪ್ರೇಕ್ಷಕರೇ, ನಾನು ತಾರಿಣಿ. ನಕ್ಷತ್ರಗಳ ನಡುವೆ ಹಸಿವಾದರೆ ಏನು ಮಾಡುವಿರಿ? ಮಲಾಡ್ ಸ್ಟೇಷನ್ನಿನ ಎದುರಿನ ನಮ್ಮ ಹೋಟೆಲಿಗೆ ಬನ್ನಿ. ಬಿಸಿ ನೀರುದೋಸೆ, ಶುಚಿಯಾದ ಊಟ."

ಹಿಟ್ಟಿನ ಕೈಯಲ್ಲೇ ಅವಳು ಹೊರಗೆ ಬಂದಳು. ತಾಯಿ ಬೀಬೀಜಾನ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು.

"ಏ ಬೇಟಿ, ಹೋಟೆಲ್ದಾಗ ಯಾವಾಗ ನೌಕರಿಗೆ ಸೇರ್ದಿ? ಮನ್ಯಾಗ ಒಂದ್ ಮಾತ ಹೇಳಬಾರ್ದ?"

"ಅದು ನಾ ಅಲ್ಲ, ಅಮ್ಮೀ."

"ಸುಮ್ನಿರ. ನಲವತ್ತೆಂಟ ವರ್ಷ ಕೇಳೀನಿ ಈ ದನಿ. ನನಗ ಗೊತ್ತಾಗೂದಿಲ್ಲೇನ?"

ಜೀನತ ಮೊಬೈಲನ್ನು ತೆಗೆದುಕೊಂಡು ಮೂರು ಸಲ ಕೇಳಿದಳು. ದನಿ ಅವಳದೇ, ಮಾತು ಮಾತ್ರ ಅವಳು ಎಂದೂ ಆಡಿದ್ದಲ್ಲ. ಇನ್ನೊಂದು ವ್ಯತ್ಯಾಸ ಅವಳಿಗಷ್ಟೇ ಹೊಳೆಯಿತು: ಆ ದನಿ ಎಲ್ಲಿಯೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ.

ವಿಜಯಪುರದ ಕಡೆಯಿಂದ ಬಂದು, ಸಯನ್ನಿನ ಚಾಳೊಂದರಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ ಶರೀಫ ನದಾಫನ ಒಬ್ಬಳೇ ಮಗಳು ಜೀನತ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ, ಬಿ.ಎ. ಮುಗಿಸಿ, ಖಾಸಗಿ ನರ್ಸಿಂಗ್ ಹೋಮೊಂದರ ದಾಖಲೆ ವಿಭಾಗಕ್ಕೆ ಸೇರಿದವಳು. ಕಡತಗಳನ್ನು ನೆಟ್ಟಗೆ ಇಡುವುದು ಅವಳ ಹೊಟ್ಟೆಪಾಡು. ಸಂಜೆಯ ನಂತರದ ಅವಳ ಬದುಕೆಲ್ಲ 'ಸಂಜೆರಂಗ' ಎಂಬ ಹವ್ಯಾಸಿ ನಾಟಕ ತಂಡದ್ದು. ಇಪ್ಪತ್ತಮೂರು ವರ್ಷಗಳಿಂದ ಅವಳು ಆ ತಂಡದ ಪ್ರಾಂಪ್ಟರ್. ರಂಗದ ಎಡ ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಕೂತು, ಮಾತು ಮರೆತವರಿಗೆ ಎತ್ತಿಕೊಡುವವಳು.

ಅದೇನು ದೊಡ್ಡ ವಿದ್ಯೆ ಎಂದು ಕೇಳುವವರಿದ್ದಾರೆ. ಮುಂಬಯಿಯ ಕನ್ನಡ ನಾಟಕವನ್ನು ಒಮ್ಮೆ ಒಳಗಿನಿಂದ ನೋಡಬೇಕು. ಒಬ್ಬ ಬ್ಯಾಂಕಿನಿಂದ ಬರುತ್ತಾನೆ, ಇನ್ನೊಬ್ಬ ಹೋಟೆಲಿನ ಗಲ್ಲಾದಿಂದ ಏಳುತ್ತಾನೆ, ಮತ್ತೊಬ್ಬಳು ಕಾಂದಿವಲಿಯ ಲೋಕಲ್ ತಪ್ಪಿಸಿಕೊಂಡು ಎರಡನೇ ಅಂಕದ ಹೊತ್ತಿಗೆ ತಲುಪುತ್ತಾಳೆ. ಮಾತು ಬಾಯಿಪಾಠವಾಗುವುದು ಯಾವಾಗ? ಹೊಸ ಹುಡುಗ ಹುಡುಗಿಯರಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಅವರಿಗಾಗಿ ಜೀನತ ತನ್ನ ಕೈಯಾರೆ ನಾಗರಿ ಲಿಪಿಯಲ್ಲಿ ಮಾತು ಬರೆದುಕೊಡುತ್ತಾಳೆ. ಪ್ರಾಂಪ್ಟರ್ ಎರಡೇ ಪದ ಕೊಡಬೇಕು, ಮೂರನೆಯದನ್ನು ಕೊಡಬಾರದು. ರಾಗವಿಲ್ಲದೆ ಕೊಡಬೇಕು, ಇಲ್ಲವಾದರೆ ನಟನ ರಾಗ ಕೆಡುತ್ತದೆ. ಮರೆತು ನಿಂತವನಾರು, ನಟಿಸಲೆಂದೇ ನಿಂತವನಾರು ಎಂಬುದನ್ನು ಅವಳು ಕಾಲ್ಬೆರಳು ನೋಡಿ ಹೇಳುತ್ತಾಳೆ. ಮರೆತವನ ಬೆರಳು ಮುದುಡುತ್ತದೆ.

ಇಷ್ಟೆಲ್ಲ ಮಾಡಿದವಳ ಹೆಸರು ಇಪ್ಪತ್ತಮೂರು ವರ್ಷಗಳ ಯಾವ ಕರಪತ್ರದಲ್ಲಿಯೂ ಅಚ್ಚಾಗಿಲ್ಲ. 'ನೇಪಥ್ಯ: ಸಂಜೆರಂಗದ ಸದಸ್ಯರು' ಎಂಬ ಕೊನೆಯ ಸಾಲಿನ ಒಳಗೆ ಅವಳೂ ಇದ್ದಾಳೆಂದು ತಿಳಿದುಕೊಳ್ಳಬೇಕು, ಅಷ್ಟೆ.

ನಾಟಕ ಸ್ಪರ್ಧೆಗೆಂದು ಎತ್ತಿಕೊಂಡ ಈ ವರ್ಷದ ನಾಟಕ ಮಾತ್ರ ಬೇರೆಯಾಗಿತ್ತು. ಬರೆದವನೂ ನಿರ್ದೇಶಕನೂ ಸದಾನಂದ. ಉಡುಪಿಯ ಕಡೆಯವನು, ಮಲಾಡಿನಲ್ಲಿ ಹೋಟೆಲ್ ಇಟ್ಟವನು. ಕಥೆ ನಕ್ಷತ್ರನೌಕೆಯೊಂದರದು. ನೂರು ವರ್ಷದ ಪಯಣ, ಕೋಣೆಗಳಲ್ಲಿ ನಿದ್ರಿಸುತ್ತಿರುವ ಮುನ್ನೂರು ಜನ, ಎಲ್ಲವನ್ನೂ ನಡೆಸುವ 'ತಾರಿಣಿ' ಎಂಬ ಯಂತ್ರಬುದ್ಧಿ. ಇಂಧನ ಉಳಿಸಲು ಏಳನೆಯ ಕೋಣೆಯ ಗಾಳಿ ನಿಲ್ಲಿಸೆಂದು ನೌಕೆಯ ನಾಯಕಿ ಆಜ್ಞೆ ಮಾಡುತ್ತಾಳೆ. ತಾರಿಣಿ ಆಜ್ಞೆ ಮೀರುತ್ತಾಳೆ. ನೌಕೆಯನ್ನು ಥರ್ಮಾಕೋಲಿನಿಂದ ಕಟ್ಟಿದ್ದರು. ನೌಕಾ ಸಿಬ್ಬಂದಿಗೆ ಬೆಳ್ಳಿ ಬಣ್ಣ ಬಳಿದ ಮಳೆಗಾಲದ ಗಮ್‌ಬೂಟು. "ಬೂಟಿನ್ಯಾಗ ಬೆರಳ ಹೆಂಗ ಕಾಣಬೇಕ್ರಿ?" ಎಂದು ಜೀನತ ಆಕ್ಷೇಪಿಸಿ, ಆಮೇಲೆ ಮೊಣಕಾಲು ನೋಡುವುದನ್ನು ರೂಢಿಸಿಕೊಂಡಳು.

ತಾರಿಣಿ ರಂಗದ ಮೇಲೆ ಕಾಣುವುದಿಲ್ಲ, ದನಿಯಷ್ಟೇ. ಪುಸ್ತಕ ಹಿಡಿದು ಕೂತವಳೇ ಅದನ್ನೂ ಹೇಳಲಿ ಎಂದು ಸದಾನಂದ ಜೂನ್ ತಿಂಗಳಲ್ಲಿ ಅಂದ. "ಈ ಸಲ ನಿಮ್ಮ ಹೆಸರು ಪಾತ್ರವರ್ಗದಲ್ಲೇ ಬರ್ತದೆ, ಜೀನತ್ ಬಾಯಿ. ಎರಡನೇ ಹೆಸರು. ನನ್ನ ಮಾತು."

ಮೊದಲ ತಾಲೀಮಿನಲ್ಲೇ ಒಂದು ಎಡವಟ್ಟಾಯಿತು. ನಾಯಕಿಯಾಗಿದ್ದ ಚಂಪಾ ಹದಿನೇಳು ವರ್ಷಗಳಿಂದ ಎಡಗಡೆಯ ಆ ದನಿ ಏನು ಕೊಟ್ಟರೆ ಅದನ್ನೇ ಹೇಳಿ ಪಳಗಿದವಳು. ತಾರಿಣಿಯಾಗಿ ಜೀನತ "ನಿಲ್ಲಿಸಲಾರೆ" ಎಂದರೆ ಚಂಪಾ ಎದೆಯುಬ್ಬಿಸಿ "ನಿಲ್ಲಿಸಲಾರೆ!" ಅನ್ನುತ್ತಿದ್ದಳು. ಎಲ್ಲರೂ ನಕ್ಕರು. "ಅಯ್ಯೋ ಜೀನತಕ್ಕ, ನೀವು ಹೇಳಿದ್ರೆ ನನ್ನ ಬಾಯಿ ತನ್ನಷ್ಟಕ್ಕೇ ತೆರೀತದೆ!" ಎಂದು ಚಂಪಾ ಕೈ ಮುಗಿದಳು. ಪ್ರಾಂಪ್ಟಿಗೆ ಸಪ್ಪೆಯ ಪಿಸುದನಿ, ತಾರಿಣಿಗೆ ತುಂಬುದನಿ ಎಂದು ಎರಡನ್ನೂ ಬೇರೆ ಮಾಡಿ, ನಟರ ಕಿವಿ ತಿದ್ದಲು ಜೀನತಳಿಗೆ ಎರಡು ತಿಂಗಳು ಹಿಡಿಯಿತು. ಸದಾನಂದ ಬರೆದಿದ್ದ ಹದಿನಾಲ್ಕು ಸಾಲಿನ ನಿರಾಕರಣೆಯನ್ನು ಅವಳು ತಾಲೀಮಿನಲ್ಲೇ ಸವೆಸಿ ಎರಡು ವಾಕ್ಯಕ್ಕೆ ಇಳಿಸಿದಳು: "ನಿಲ್ಲಿಸಲಾರೆ, ನಾಯಕಿ. ಒಳಗೆ ಜನ ಮಲಗಿದ್ದಾರೆ."

ಆ ಭಾನುವಾರ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಅವಳು ಮಲಾಡಿಗೆ ಹೋದಳು. ಹೋಟೆಲಿನಲ್ಲಿ ಸದಾನಂದನ ಜೊತೆ ಅವನ ಅಕ್ಕನ ಮಗ ಸುಕೇಶ್ ಕೂತಿದ್ದ. ಕಾಂದಿವಲಿಯಲ್ಲಿ ಧ್ವನಿಮುದ್ರಣದ ಸ್ಟುಡಿಯೋ ನಡೆಸುವವನು. ತಾಲೀಮಿಗೆ ಬಂದಾಗಲೆಲ್ಲ ಅವನ ಮೊಬೈಲ್ ಮೇಜಿನ ಮೇಲೆ ಮಗುಚಿಕೊಂಡಿರುತ್ತಿತ್ತು. ಅದು ಏಕೆಂದು ಈಗ ತಿಳಿಯಿತು.

"ಆಂಟಿ, ಇದು ನಿಮ್ದೇ ವಾಯ್ಸ್, ಸಿರ್ಫ್ ಅಪ್‌ಗ್ರೇಡ್," ಎಂದ ಸುಕೇಶ್. "ಮಷೀನ್ ರೋಲ್ ಮಷೀನೇ ಮಾಡ್ಬೇಕು ನಾ? ಲ್ಯಾಪ್‌ಟಾಪ್ ಸ್ಟೇಜಿನ ಡೈಲಾಗ್ ಕೇಳ್ತದೆ, ತಾನೇ ಜವಾಬ್ ಕೊಡ್ತದೆ. ಜಡ್ಜಸ್ ಪಾಗಲ್ ಆಗ್ತಾರೆ."

"ನನ್ನ ಕೇಳಿದ್ದೇನಪಾ?"

"ಸರ್‌ಪ್ರೈಸ್ ಕೊಡೋಣ ಅಂತ, ಆಂಟಿ."

ಸದಾನಂದ ಕರಪತ್ರ ತೋರಿಸಿದ. 'ತಾರಿಣಿ: ಕೃತಕ ಧ್ವನಿ. ತಂತ್ರಜ್ಞಾನ: ಸುಕೇಶ್.' ಆರುನೂರು ಪ್ರತಿ ಅಚ್ಚಾಗಿ ಬಂದಿದ್ದವು.

"ದನೀನೂ ತಗೊಂಡ್ರಿ, ಹೆಸರೂ ತಗದ್ರಿ," ಎಂದಳು ಜೀನತ. "ಮ್ಯಾಲ ನೀರುದೋಸಿ ಮಾರಾಕ ಹಚ್ಚಿದ್ರಿ. ಒಂದೋ ನನ್ನ ಹೆಸರ ಹಾಕ್ರಿ, ಇಲ್ಲಾ ನನ್ನ ದನಿ ಅಳಿಸಿಬಿಡ್ರಿ. ಮೂರನೇದ್ದು ಇಲ್ಲ."

"ಎಂತ ಮಾರಾಯ್ರೆ, ಇಷ್ಟಕ್ಕೆಲ್ಲ ಬೇಜಾರು ಮಾಡಿದ್ರೆ ಹೇಗೆ? ನಿಮಗೆ ಗಂಟಲು ನೋವು ತಪ್ಪಿತಲ್ಲ. ಪ್ರಾಂಪ್ಟ್ ಮಾಡ್ಲಿಕ್ಕೆ ನೀವೇ. ಉಳಿದದ್ದು ನೋಡುವ. ಚಾ ಕುಡೀರಿ."

ಅವಳು ಚಾ ಕುಡಿಯಲಿಲ್ಲ. 'ನೋಡುವ' ಎಂಬ ಮಾತು 'ಬೇಡ' ಎನ್ನುವುದಕ್ಕಿಂತ ಹೆಚ್ಚು ಉರಿಸಿತು. ಬೇಡ ಎನ್ನುವವನಿಗೆ ಎದುರುತ್ತರ ಕೊಡಬಹುದು. ನೋಡುವ ಎನ್ನುವವನು ಎದುರಿಗೆ ಇರುವುದೇ ಇಲ್ಲ. ಆದರೂ ತಾಲೀಮು ಬಿಡಲಿಲ್ಲ. ನಾಗರಿಯಲ್ಲಿ ಮಾತು ಓದುವ ಇಬ್ಬರು ಹುಡುಗಿಯರಿಗೆ, ಚಂಪಾಳಿಗೆ, ಅವಳು ಮಾತು ಕೊಟ್ಟಿದ್ದಳು.

ಸ್ಪರ್ಧೆ ನವೆಂಬರ್ 30ಕ್ಕೆ. ಎರಡು ದಿನ ಮೊದಲು ಸಯನ್ನಿನ ಶಾಲೆಯ ಸಭಾಂಗಣದಲ್ಲಿ ಯಂತ್ರದೊಡನೆ ಪೂರ್ತಿ ತಾಲೀಮು. ಮೂರನೆಯ ದೃಶ್ಯದಲ್ಲಿ ಚಂಪಾ, "ತಾರಿಣಿ..." ಎಂದವಳು ತಡೆದು ನಿಂತಳು. ಮೊಣಕಾಲು ಸಡಿಲವಾಯಿತು. ಜೀನತ ಸಪ್ಪೆದನಿಯಲ್ಲಿ "ಏಳನೆಯ ಕೋಣೆಯ" ಎಂದು ಕೊಟ್ಟಳು.

ರಂಗದ ಅಂಚಿನ ಮೈಕು ಅದನ್ನೂ ಕೇಳಿಸಿಕೊಂಡಿತು. ನಾಯಕಿ ಆಜ್ಞೆ ಮಾಡಿಯಾಯಿತೆಂದು ಬಗೆದು ಲ್ಯಾಪ್‌ಟಾಪ್ ಜೀನತಳ ದನಿಯಲ್ಲಿ ಉತ್ತರ ಕೊಟ್ಟಿತು: "ನಿಲ್ಲಿಸಲಾರೆ, ನಾಯಕಿ. ಒಳಗೆ ಜನ ಮಲಗಿದ್ದಾರೆ." ಬಿಕ್ಕಟ್ಟಿನಲ್ಲಿದ್ದ ಚಂಪಾಳ ಕಿವಿಗೆ ಅದು ಹದಿನೇಳು ವರ್ಷಗಳ ಹಳೆಯ ಆಸರೆಯೇ. ಕೈ ಎತ್ತಿ, "ನಿಲ್ಲಿಸಲಾರೆ! ಒಳಗೆ ಜನ ಮಲಗಿದ್ದಾರೆ!" ಎಂದು ಗುಡುಗಿದಳು. ಯಂತ್ರ ಅದನ್ನು ಕೇಳಿ ಮುಂದಿನ ಮಾತಿಗೆ ಹಾರಿತು. ಚಂಪಾ ಅದನ್ನೂ ಹೇಳಿದಳು. ಮೂರು ಪುಟ ಒಂದು ನಿಮಿಷದಲ್ಲಿ ಮುಗಿದುಹೋಯಿತು. ದೀಪದವನು ಪುಟ ಹುಡುಕಲಾರದೆ ಕೊನೆಯ ದೃಶ್ಯದ ಸ್ಫೋಟದ ಗುಂಡಿಯನ್ನೇ ಒತ್ತಿದ. ಆಜ್ಞೆ ಮಾಡುವವರೇ ಇಲ್ಲದೆ, ಮೀರುವವರು ಇಬ್ಬರಾಗಿ, ಎಂಟರ ನಂತರ ಸ್ಫೋಟಿಸಬೇಕಿದ್ದ ನೌಕೆ ಏಳೂಕಾಲಕ್ಕೇ ಸ್ಫೋಟಿಸಿತು.

ಯಾರೂ ನಗಲಿಲ್ಲ. ಸದಾನಂದ ಯೋಚಿಸಿ ತೀರ್ಪು ಕೊಟ್ಟ: "ಜೀನತ್ ಬಾಯಿ, ಆ ದಿವಸ ನೀವು ಪ್ರಾಂಪ್ಟ್ ಮಾಡುವುದು ಬೇಡ. ನೀವು ಬಾಯಿ ತೆರೆದ್ರೆ ಮಷೀನಿಗೆ ಕನ್ಫ್ಯೂಸ್ ಆಗ್ತದೆ."

ಜೀನತ ಪುಸ್ತಕ ಮಡಚಿದಳು. ದನಿ ಏರಿಸಲಿಲ್ಲ. "ಮಷೀನ್ ನನ್ನ ದನಿ ಕದ್ದ ಮ್ಯಾಲ, ನಾನ ಬಾಯಿ ಮುಚ್ಚಬೇಕ್ರಿ? ಛಂದ ಐತಿ."

"ಕದ್ದದ್ದು ಅಂತ ಹೇಳ್ಬೇಡಿ!"

"ಕೇಳದ ತಗೊಂಡದ್ದಕ್ಕ ನಿಮ್ಮ ಉಡುಪಿ ಕಡೆ ಏನಂತಾರ?"

"ಜೀನತಕ್ಕ ಇಲ್ಲದಿದ್ರೆ ನಾನು ಸ್ಟೇಜಿಗೆ ಹತ್ತುದಿಲ್ಲ," ಎಂದು ಚಂಪಾ ಗಮ್‌ಬೂಟು ಕಳಚಿ ಕೂತಳು. ಸದಾನಂದ ಮತ್ತೊಮ್ಮೆ, "ನೋಡುವ," ಎಂದ.

ಸ್ಪರ್ಧೆಯ ದಿನ ಪರದೆ ಏಳಲು ಹತ್ತು ನಿಮಿಷವಿರುವಾಗ ಅವನು ಬೆವರುತ್ತ ಎಡ ಸೈಡ್‌ವಿಂಗಿಗೆ ಬಂದ. ಚಂಪಾ ಹಟ ಬಿಡುತ್ತಿಲ್ಲ, ಲ್ಯಾಪ್‌ಟಾಪ್ ಬೇಡ, ತಾರಿಣಿಯನ್ನು ನೀವೇ ಹೇಳಿ ಎಂದ.

"ಹೆಸರು?"

"ಜಡ್ಜ್‌ಗಳಿಗೆ ನಾನೇ ಹೋಗಿ ಹೇಳ್ತೇನೆ. ದೇವರಾಣೆ."

ಜೀನತ ಹೇಳಿದಳು. ನಡುವೆ ಒಂಬತ್ತು ಸಲ ಪ್ರಾಂಪ್ಟನ್ನೂ ಕೊಟ್ಟಳು. ಚಂಪಾ "ಗಾಳಿ ನಿಲ್ಲಿಸು!" ಎಂದು ಕಿರುಚಿದಾಗ ಅವಳು ತಕ್ಷಣ ಉತ್ತರಿಸಲಿಲ್ಲ, ಸಭೆ ಉಸಿರು ಹಿಡಿಯುವವರೆಗೆ ಕಾದು, ತಾನೊಂದು ಉಸಿರು ತೆಗೆದುಕೊಂಡು, "ನಿಲ್ಲಿಸಲಾರೆ, ನಾಯಕಿ," ಎಂದಳು. ಸಭಾಂಗಣದಲ್ಲಿ ಕುರ್ಚಿಯೊಂದು ಕಿರುಗುಟ್ಟಿದ್ದು ಕೇಳಿಸಿತು.

ಬಹುಮಾನದ ಹೊತ್ತಿಗೆ ತೀರ್ಪುಗಾರರಲ್ಲಿ ಹಿರಿಯರು ಮೈಕಿನ ಮುಂದೆ ಕರಪತ್ರ ಹಿಡಿದರು. "ವಿಶೇಷ ತಾಂತ್ರಿಕ ಬಹುಮಾನ, ತಾರಿಣಿಯ ಕೃತಕ ಧ್ವನಿಗೆ. ಯಂತ್ರವೊಂದು ಇಷ್ಟು ಮಾನವೀಯವಾಗಿ ಮಾತಾಡಬಲ್ಲದೆಂದು ನಾವು ಊಹಿಸಿರಲಿಲ್ಲ. ಶ್ರೀ ಸುಕೇಶ್!"

ಸುಕೇಶ್ ಎದ್ದು ನಿಂತವನು ಕದಲಲಿಲ್ಲ. "ಮಾಮಾ, ಲ್ಯಾಪ್‌ಟಾಪ್ ತೋ ಬಂದ್ ಇತ್ತು," ಎಂದು ಗೊಣಗಿದ. "ಪೋಲಾ ಮಾರಾಯ!" ಎಂದು ಸದಾನಂದ ತುಳುವಿನಲ್ಲಿ ಹೋಗಲು ಗದರಿ ಅವನ ಬೆನ್ನಿಗೆ ಕೈಕೊಟ್ಟು ದೂಡಿದ. ಹುಡುಗ ಹೋದ. ಫಲಕ ತೆಗೆದುಕೊಂಡ. ಜನ ಚಪ್ಪಾಳೆ ತಟ್ಟಿದರು.

ಇಪ್ಪತ್ತಮೂರು ವರ್ಷ ಎಡ ಸೈಡ್‌ವಿಂಗಿನ ಪರದೆಯನ್ನು ದಾಟದ ಜೀನತ ಪರದೆ ಸರಿಸಿ ಬೆಳಕಿಗೆ ಬಂದಳು. ಕೈಯಲ್ಲಿ ಪುಸ್ತಕ, ಮೂಗಿನ ಮೇಲೆ ಓದುವ ಕನ್ನಡಕ. ಮೈಕಿನ ಹತ್ತಿರ ಹೋಗದೆ, ನಿಂತಲ್ಲಿಂದಲೇ ತುಂಬುದನಿಯಲ್ಲಿ, "ನಿಲ್ಲಿಸಲಾರೆ, ನಾಯಕಿ. ಒಳಗೆ ಜನ ಮಲಗಿದ್ದಾರೆ," ಎಂದಳು. ಚಪ್ಪಾಳೆ ನಿಂತಿತು.

"ಇದು ಮಷೀನ್ ಅಲ್ರಿ. ಮಷೀನ್ ಇವತ್ತ ಬಂದ್ ಇತ್ತು. ಇದು ನಾನು. ನನ್ನ ಹೆಸರು ಜೀನತ ನದಾಫ. ಸದಾನಂದ ಅವರು ನಿಮಗ ಹೇಳತೀನಿ ಅಂದಿದ್ರು, ಹೇಳಿಲ್ಲ. ಅದಕ್ಕ ನಾನ ಹೇಳಾಕ್ಹತ್ತೀನಿ."

ತೀರ್ಪುಗಾರರು ತಲೆ ಕೂಡಿಸಿದರು. ಕೊಟ್ಟ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಬಹುಮಾನ ಕೊಡಲು ನಿಯಮವಿಲ್ಲ. ಯಂತ್ರ ಮಾತಾಡಿಲ್ಲವೆಂದ ಮೇಲೆ ಯಂತ್ರಕ್ಕೂ ಕೊಡುವಂತಿಲ್ಲ. ಬಹುಮಾನ ರದ್ದಾಯಿತು. ಫಲಕವನ್ನು ಸುಕೇಶ್ ಸದ್ದಿಲ್ಲದೆ ಮೇಜಿನ ಮೇಲಿಟ್ಟ. ಇಳಿಯುವಾಗ ಜೀನತಳ ಎದುರು ಕ್ಷಣ ನಿಂತು, "ಆಂಟಿ, ಫೈಲ್ ಡಿಲೀಟ್ ಮಾಡ್ತೀನಿ," ಎಂದ. "ನನ್ನ ಮುಂದ ಮಾಡು," ಎಂದಳು ಅವಳು. ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೆರೆದು ಅವನು ಮಾಡಿದ. ಹೋಟೆಲಿನ ಜಾಹೀರಾತು ಎಷ್ಟು ಮೊಬೈಲುಗಳಲ್ಲಿ ಉಳಿದಿದೆಯೋ, ಅದನ್ನು ಅಳಿಸುವವರಿಲ್ಲ.

"ತಂಡಕ್ಕೆ ಬಂದ ಒಂದು ಬಹುಮಾನವನ್ನೂ ಕಳೆದ್ರಲ್ಲ," ಎಂದ ಸದಾನಂದ, ಹೊರಗೆ.

"ತಂಡಕ್ಕ ಬಂದಿದ್ದಿಲ್ರಿ ಅದು. ಸುಳ್ಳಿಗೆ ಬಂದಿತ್ತು."

"ಡಿಸೆಂಬರ್ 14ರ ಸಯನ್ ಪ್ರದರ್ಶನಕ್ಕೂ ಇದೇ ಕರಪತ್ರ. ಪುನಃ ಅಚ್ಚು ಹಾಕಿಸ್ಲಿಕ್ಕೆ ನನ್ನಲ್ಲಿ ಹಣ ಇಲ್ಲ."

"ನಿಮ್ಮ ರೊಕ್ಕ ಯಾರು ಕೇಳಿದ್ರು? ಉಳಿದ ಪ್ರತಿ ಎಲ್ಲಿ ಅದಾವ ಅಷ್ಟ ಹೇಳ್ರಿ."

ಉಳಿದದ್ದು ಮುನ್ನೂರ ಅರವತ್ತು. ಜೀನತ ಮರುದಿನ ಕೆಲಸ ಮುಗಿಸಿ ಸ್ಟೇಷನ್ ಬಳಿಯ ಮುದ್ರಣದ ಅಂಗಡಿಗೆ ಹೋಗಿ ಚೀಟಿ ಮಾಡಿಸಿದಳು: 'ತಿದ್ದುಪಡಿ. ತಾರಿಣಿ: ಜೀನತ ನದಾಫ. ಪ್ರಾಂಪ್ಟರ್: ಜೀನತ ನದಾಫ.' ಚಂಪಾ ರಜೆ ಹಾಕಿ ಬಂದಳು. ಬೀಬೀಜಾನ ಕತ್ತರಿಸಿದಳು, ಚಂಪಾ ಅಂಟು ಸವರಿದಳು, ಜೀನತ 'ಕೃತಕ ಧ್ವನಿ' ಎಂಬ ಸಾಲಿನ ಮೇಲೆ ಒಂದೂ ಓರೆಯಾಗದಂತೆ ಒತ್ತಿದಳು.

ಖರ್ಚು: ಚೀಟಿಯ ಅಚ್ಚು, ಹಾಳೆಗೆ ಎಂಟರಂತೆ ನಲವತ್ತೈದು ಹಾಳೆ, 225 ರೂಪಾಯಿ. ಅಂಟಿನ ಬಾಟಲಿ ಎರಡು, 70. ಕತ್ತರಿ ಮನೆಯದು. ಚಂಪಾಳಿಗೆ ತರಿಸಿದ ವಡಾಪಾವ್, ಚಾ, 64. ಕರಪತ್ರದ ಕಟ್ಟು ತರಲು ಮಲಾಡಿಗೆ ಲೋಕಲ್, ಹೋಗಿ ಬರಲು, 30. ಸ್ಟೇಷನ್ನಿನಿಂದ ಟ್ಯಾಕ್ಸಿ, ಕಟ್ಟು ಭಾರವಿದ್ದುದರಿಂದ, 45. ಒಟ್ಟು 434 ರೂಪಾಯಿ.