ಕೊನೆ ಸಾಲಿನಲ್ಲಿ ಏಳದ ಕೈ

ಸ್ವಲ್ಪ ತಾಳಿ. ಸ್ಪೀಕರ್ ಬಾಕ್ಸು ಯಾವುದು, ಆಂಪ್ಲಿಫೈಯರ್ ಎಷ್ಟು ವ್ಯಾಟು ಅಂತ ಕೇಳುವ ಮೊದಲು ಒಂದು ಕೈಯ ವಿಷಯ ಹೇಳಬೇಕು. ಬಲಗೈ. ಹೆಬ್ಬೆರಳ ತುದಿಯಲ್ಲಿ ವೈರು ಬೆಸೆಯುವಾಗ ಸುಟ್ಟುಕೊಂಡ ಕಪ್ಪು ಕಲೆಗಳು, ಮಣಿಕಟ್ಟಿನಲ್ಲಿ ತಾಮ್ರದ ಕಡಗ. ಕೈ ಮೇಲೆತ್ತಿದರೆ ಕಡಗ ಜಾರಿ ಮೊಣಕೈ ಹತ್ತಿರ ಬಂದು ನಿಲ್ಲುತ್ತಿತ್ತು, ಅಷ್ಟು ಸಣಕಲು ತೋಳು. ಮದ್ದೂರು, ಮಳವಳ್ಳಿ ಕಡೆಯ ಮದುವೆಗಳಲ್ಲಿ ಹಿಂದೆ ಕೂತವರಿಗೂ ಮಾತು ತಿಳಿಯಿತು ಅಂದರೆ ಬಹಳ ಸಲ ಅದು ಆ ಕೈಯ ಕೆಲಸ. ಆ ಕೈಯವರನ್ನು ಊರವರೆಲ್ಲ ಮೈಕ್ ಸೆಟ್ ಅಣ್ಣ ಅನ್ನುತ್ತಿದ್ದರು. ನಾನು ಬರೀ ಅಣ್ಣ ಅಂತಿದ್ದೆ.

ನಾನು ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೇನೆ. ಸೌಂಡಿನ ಹುಚ್ಚು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅಂಟಿಸಿಕೊಂಡದ್ದು. ಮೂರು ವರ್ಷದ ಹಿಂದೆ ಮದ್ದೂರಿನ ಒಂದು ಛತ್ರದಲ್ಲಿ ಸ್ನೇಹಿತನ ಮದುವೆ. ನೆಲಕ್ಕೆಲ್ಲ ಟೈಲ್ಸು, ಎರಡೂ ಕಡೆ ಗಾಜಿನ ಕಿಟಕಿ, ಮೇಲೆ ತಗಡಿನ ಶೀಟು. ಒಂದು ಮಾತಾಡಿದರೆ ಮೂರು ಸಲ ತಿರುಗಿ ಬರುವ ಜಾಗ. ಅಣ್ಣ ವೈರು ಎಳೆಯುತ್ತಿದ್ದರು. ನಾನು ಫೋನು ಹಿಡಿದು ಹೋದೆ. ಅದರಲ್ಲಿ ಸದ್ದನ್ನು ಗೆರೆ ಮಾಡಿ ತೋರಿಸುವ ಆ್ಯಪ್ ಇತ್ತು.

‘ಅಣ್ಣ, ನೋಡಿ, ಗೆರೆ ಇಲ್ಲಿ ಎದ್ದೈತೆ. ಇದನ್ನ ಇಳಿಸ್ಬೇಕು.’

‘ಗೆರೆ ಇರ್ಲಿ ಕಣ್ಲಾ. ಆ ಮೂಲೇಲಿ ಅಜ್ಜಿ ಕೂತದಲ್ಲ, ಅವಮ್ಮಂಗೆ ಎಂಗ್ ಕೇಳುಸ್ತದೆ? ಓಗಿ ಕೇಳ್ಕಂಡ್ ಬಾ.’

ಹೋದೆ. ಅಜ್ಜಿ ಎಲೆಅಡಿಕೆ ಒಂದು ಕಡೆ ಒತ್ತರಿಸಿ ಹೇಳಿತು: ‘ಗುಂಯ್ ಅಂತದೆ ಕಣಪ್ಪ. ಯಾರೋ ಬಿಂದ್ಗೆ ಒಳಿಕ್ ತಲೆ ಇಟ್ಕಂಡ್ ಮಾತಾಡ್ದಂಗೆ.’

ಬಂದು ಹೇಳಿದೆ. ಅಣ್ಣ ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡು ನಕ್ಕರು. ‘ನಿನ್ ಫೋನು ಬಿಂದ್ಗೆ ಅಂತ ಏಳ್ತಾ?’

ಆಮೇಲೆ ಅವರು ಮಾಡಿದ್ದನ್ನು ನಾನು ಯಾವ ವಿಡಿಯೋದಲ್ಲೂ ನೋಡಿರಲಿಲ್ಲ. ಮೊದಲು ವಾಲ್ಯೂಮನ್ನೇ ಇಳಿಸಿದರು. ಗೋಡೆ ನೋಡುತ್ತಿದ್ದ ಬಾಕ್ಸನ್ನು ಜನರ ಕಡೆ ತಿರುಗಿಸಿದರು. ಗುಂಯ್ ಅನ್ನಿಸುವ ಬೇಸು ಅರ್ಧಕ್ಕರ್ಧ ತೆಗೆದರು. ಹಿಂದಿನ ಗೋಡೆಗೆ ಎರಡು ಜಮಖಾನ ಇಳಿಬಿಡಿಸಿ, ಕಿಟಕಿಗಳನ್ನೆಲ್ಲ ತೆಗೆಸಿದರು. ನಾನು ಈ ಛತ್ರವೇ ಸರಿಯಿಲ್ಲ ಅಂದೆ. ‘ಛತ್ರ ಕಟ್ಟೋರು ನಮ್ಮುನ್ ಕೇಳಿ ಕಟ್ಟಕಿಲ್ಲ ಕಣ್ಲಾ. ಇರೋದ್ರಲ್ಲೇ ಮಾತು ದಾಟುಸ್ಬೇಕು’ ಅಂದರು.

ಕೊನೆಗೆ ಮೈಕು ನನ್ನ ಕೈಗೆ ಕೊಟ್ಟರು. ನಾನು ಹಲೋ, ಒನ್, ಟೂ ಅಂತ ಶುರುಮಾಡಿದೆ. ತಡೆದರು. ಲಗ್ನಪತ್ರಿಕೆ ಕೊಟ್ಟು, ಕೆಳಗಡೆ ಸಾಲಾಗಿ ಇರುತ್ತಲ್ಲ ನೆಂಟರ ಹೆಸರು, ಅದನ್ನು ಒಂದೊಂದಾಗಿ ಓದು ಅಂದರು. ಕೊನೆ ಸಾಲಿನಲ್ಲಿ ಕೂತವರು ಹೆಸರು ತಿಳಿದರೆ ಕೈ ಎತ್ತಬೇಕು, ತಿಳಿಯದಿದ್ದರೆ ಸುಮ್ಮನಿರಬೇಕು. ಇದೇ ಅವರ ಪರೀಕ್ಷೆ.

‘ಒನ್ ಆದ್ಮೇಲೆ ಟೂ ಬತ್ತದೆ ಅಂತ ಎಲ್ರುಗೂ ಗೊತ್ತು. ಕೇಳುಸ್ದೆ ಇದ್ರೂ ಕೇಳುಸ್ತು ಅಂದ್ಬುಡ್ತಾರೆ. ಗುರ್ತಿಲ್ದೋರ ಹೆಸ್ರು ತಿಳೀತಾ, ಆಗ ಮಾತು ಮುಟ್ತು ಅಂತ ಲೆಕ್ಕ.’

ಅಜ್ಜಿ ಕೈ ಎತ್ತಿತು. ಹೆಸರಿಗೊಂದು ಸಲ. ನನಗೆ ಅವತ್ತು ಆದ ಖುಷಿ ಇಷ್ಟೇ ಅಂತ ಹೇಳೋಕಾಗಲ್ಲ.

ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಅವರ ಜೊತೆ ಹೋದೆ. ಬೈಕಿನಲ್ಲಿ ಹಿಂದೆ ಕೂತು ನಾನು ಏನಾದರೂ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಇಳಿದ ಮೇಲೆ ‘ಮೊಕ ನೋಡ್ಕಂಡ್ ಮಾತಾಡು’ ಅನ್ನುತ್ತಿದ್ದರು. ಗಾಡಿ ಓಡಿಸುವಾಗ ಮಾತು ಇಷ್ಟವಿಲ್ಲ ಅಂದುಕೊಂಡಿದ್ದೆ.

ಹೋದ ವರ್ಷ ಮಳವಳ್ಳಿಯಲ್ಲಿ ಒಂದು ಆರತಕ್ಷತೆ. ಮಧ್ಯಾಹ್ನಕ್ಕೇ ಇನ್ನೂರು ಜನ ಸೇರಿದ್ದರು, ಎಲ್ಲರೂ ಮುಂದೆ, ಫ್ಯಾನಿನ ಕೆಳಗೆ. ಹಿಂದೆ ಇದ್ದದ್ದು ಹೂ ಕಟ್ಟುತ್ತಿದ್ದ ಒಬ್ಬ ಹೆಂಗಸು ಮಾತ್ರ. ಅವರ ಎರಡು ಕೈಯೂ ಹೂವಿನಲ್ಲಿ. ಅಣ್ಣ ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ‘ನಾನೇ ಓಯ್ತೀನಿ, ನೀನು ಓದು’ ಅಂದು ಹೋಗಿ ಕೊನೆ ಸಾಲಿನಲ್ಲಿ ಕೂತರು.

ಮೊದಲ ಹೆಸರು ಓದಿದೆ. ಕೈ ಏಳಲಿಲ್ಲ. ಎರಡನೆಯದು. ಏಳಲಿಲ್ಲ. ಬಾಕ್ಸು ತಿರುಗಿಸಿ ಬಂದು ಓದಿದೆ. ಬೇಸು ತೆಗೆದು ಓದಿದೆ. ಸದ್ದನ್ನು ಚೂಪು ಮಾಡುವ ಟ್ರೆಬಲ್ ಏರಿಸಿದೆ, ಮುಂದೆ ಕೂತವರು ಮುಖ ಕಿವುಚಿದರು. ಅಣ್ಣ ಕೈ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ತಮಾಷೆಗೆ ಅಂತ ಕೈ ಎತ್ತತೊಡಗಿದರು. ಒಂದೊಂದು ಹೆಸರಿಗೂ ಕೈ ಮೇಲೆ ಹೋಗುತ್ತಿತ್ತು, ಬೆರಳಿಂದ ಮಲ್ಲಿಗೆ ದಂಡೆ ಜೋತಾಡುತ್ತಿತ್ತು.

ನನಗೆ ಅರ್ಥವಾಯಿತು. ಅರ್ಥವಾದದ್ದು ಬಾಯಿಗೆ ಬಂತು. ಬಾಯಿ ಮುಂದೆ ಮೈಕು ಇತ್ತು.

‘ಅಣ್ಣ, ಬಾಕ್ಸು ಸರಿಯಾಗೈತೆ. ನಿಮ್ಗೇ ಕಿವಿ ಕೇಳ್ತಿಲ್ಲ.’

ಇನ್ನೂರು ಜನ ಹಿಂದೆ ತಿರುಗಿದರು. ಅವರೇ ಕಲಿಸಿದ ಹಾಗೆ ಹದ ಮಾಡಿದ್ದ ಛತ್ರ, ನನ್ನ ಮಾತು ಒಂದಕ್ಷರ ಮಸುಕಾಗದೆ ಎಲ್ಲರನ್ನೂ ಮುಟ್ಟಿತ್ತು. ಅಣ್ಣ ಮಾತ್ರ ಕಿವಿಗೆ ಕೈ ಅಡ್ಡ ಹಿಡಿದು, ‘ಏನಂದ್ಲಾ?’ ಅಂದರು. ಯಾರೋ ನಕ್ಕರು. ಹೂವಿನ ಹೆಂಗಸು ಅವರ ಕಡೆ ಬಗ್ಗಿ, ‘ನಿಂಗೇ ಕಿವಿ ಕೇಳಲ್ವಂತೆ ಕಣಣ್ಣ’ ಅಂದರು.

ಅಣ್ಣ ಎದ್ದರು. ಕಡಗವನ್ನು ಮಣಿಕಟ್ಟಿಗೆ ಸರಿಸಿಕೊಂಡು, ಅಷ್ಟುದ್ದ ನಡೆದು ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂತ ಕಾದೆ.

‘ಅಂಗಾರೆ ಟ್ರೆಬಲ್ ಇಳ್ಸು. ಜನುಕ್ಕೆ ಕಿವಿ ನೋಯ್ತದೆ.’

ಇಷ್ಟೇ ಅಂದದ್ದು. ವಾಪಸ್ ಬಂದ ಮೇಲೆ ವೈರು, ಟೆಸ್ಟರು, ಸ್ಪ್ಯಾನರು ಇದ್ದ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. ‘ಇನ್ಮೇಲೆ ನೀನೇ ಕೇಳು’ ಅಂದರು. ಮುಂದಿನ ಕೆಲಸಕ್ಕೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫ್ಯಾಕ್ಟರಿಯಿಂದ ಅವರ ಮನೆಗೆ ಬೈಕಿನಲ್ಲಿ ಹತ್ತು ನಿಮಿಷ. ಹೋಗಿ ತಪ್ಪಾಯಿತು ಅನ್ನಬೇಕು ಅಂತ ದಿನಾ ಅಂದುಕೊಂಡೆ, ಆದರೆ ಯಾವ ಮುಖ ಇಟ್ಟುಕೊಂಡು ಹೋಗೋದು ಅಂತ ನನ್ನ ಮನೆ ದಾರಿ ಹಿಡಿಯುತ್ತಿದ್ದೆ. ನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಶಿಫ್ಟಿನಲ್ಲಿದ್ದಾಗ ಫೋನು ಬಂತು. ಅಣ್ಣ ಟೀ ಕುಡಿಯುತ್ತಾ ಕೂತವರು ಹಾಗೇ ಒರಗಿ ಹೋಗಿಬಿಟ್ಟರಂತೆ, ಹಾರ್ಟ್ ಅಟ್ಯಾಕು.

ನುಡಿನಮನ ಇಟ್ಟುಕೊಂಡದ್ದು ಶಿವಪುರದ ಹತ್ತಿರದ ಒಂದು ಸಮುದಾಯ ಭವನದಲ್ಲಿ. ಜನ ಬರುವ ಮೊದಲೇ ಹೋಗಿ ಮೈಕು ನಾನೇ ಹಾಕಿದೆ. ಜಮಖಾನ ಇಳಿಬಿಟ್ಟೆ, ಕಿಟಕಿ ತೆಗೆದೆ, ಬೇಸು ಇಳಿಸಿದೆ. ಓದೋಕೆ ಕೈಯಲ್ಲಿದ್ದದ್ದು ತಿಥಿ ಕಾರ್ಡು. ಅದರಲ್ಲಿ ಮೊದಲ ಹೆಸರು ಅವರದೇ. ಓದಿದೆ. ಕೊನೆ ಸಾಲು ನೋಡಿದೆ. ಖಾಲಿ ಕುರ್ಚಿಗಳು.

ಪಕ್ಕದ ಗೋಡೆಗೆ ಒರಗಿ ಕೂತಿದ್ದ ಅವರ ಹೆಂಡತಿ ಕೈಸನ್ನೆ ಮಾಡಿ ಕರೆದರು. ಹೋಗಿ ಪಕ್ಕದಲ್ಲಿ ಕೂತೆ.

‘ಅವ್ರುಗೆ ಗೊತ್ತಿತ್ತು ಕಣಪ್ಪ’ ಅಂದರು. ‘ಕಿವಿ ಮಂದ ಅಂತ ನಿನ್ನ ಕಾಣಾಕ್ ಮುಂಚಿಂದ್ಲೂ ಗೊತ್ತಿತ್ತು. ಅಜ್ಜಿ ಬಿಂದ್ಗೆ ಅಂತು ಅಂತ ನೀನ್ ಬಂದ್ ಏಳ್ದಲ್ಲ, ಅವತ್ತು ಮನೇಗ್ ಬಂದು, ನಂಗೊಂದು ಕಿವಿ ಸಿಕ್ತು ಕಣಮ್ಮಿ ಅಂದಿದ್ರು.’

ನಾನು ತಲೆ ಎತ್ತಲಿಲ್ಲ. ‘ಮಳವಳ್ಳೀಲಿ ಸುಮ್ನೆ ಕೈ ಎತ್ಬುಟ್ಟಿದ್ರೆ ಆಗೋಗದು, ಅಲ್ವಾ ಅಕ್ಕ’ ಅಂದೆ.

‘ನಾನೂ ಅದ್ನೇ ಅಂದೆ. ಕೇಳುಸ್ದೆ ಇದ್ದುದ್ಕೆ ಕೈ ಎತ್ತಾಕೆ ಮನಸ್ ಬರ್ಲಿಲ್ಲ ಅಂದ್ರು.’ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ‘ನೀನ್ ಏಳಿದ್ದು ತಪ್ಪಲ್ಲ ಕಣಪ್ಪ. ಅಷ್ಟು ದೂರ್ದಿಂದ ಏಳ್ಬಾರ್ದಾಗಿತ್ತು.’

ಆ ಚೀಲ ಈಗ ನನ್ನ ಹತ್ತಿರ ಇದೆ. ಯಾವ ಛತ್ರಕ್ಕೆ ಹೋದರೂ ಹೆಸರು ಓದುತ್ತೇನೆ, ಕೊನೆ ಸಾಲಿನ ಕೈ ನೋಡುತ್ತೇನೆ. ಕೈ ಏಳದಿದ್ದರೆ ಮೈಕು ಆಫ್ ಮಾಡಿ, ಕೆಳಗಿಟ್ಟು, ನಡೆದು ಹೋಗಿ ಪಕ್ಕದಲ್ಲಿ ಕೂತು ಕೇಳುತ್ತೇನೆ. ಮಳವಳ್ಳಿಯ ಆ ಛತ್ರದಲ್ಲಿ ಮೈಕಿನಿಂದ ಕೊನೆ ಸಾಲಿಗೆ ಮೂವತ್ತು ಹೆಜ್ಜೆ. ಆಮೇಲೆ ಹೋಗಿ ಎಣಿಸಿ ಬಂದೆ.

ನಿಮ್ಮ ಮನೆಯಲ್ಲೋ ಕೆಲಸದಲ್ಲೋ ಹೀಗೆ ಕಿವಿ ಮಂದವಾದ ಹಿರಿಯರು ಇದ್ದರೆ, ಅವರಿಗೆ ಆ ಮಾತನ್ನು ನೀವು ಹೇಗೆ ಹೇಳಿದಿರಿ, ಎಲ್ಲಿ ಕೂತು ಹೇಳಿದಿರಿ, ದಯವಿಟ್ಟು ಬರೆಯಿರಿ. ನನಗೆ ಕಲಿಯಬೇಕಿದೆ.